ಓರಲ್ ಸಿರಿಂಜ್ 5 ಎಂಎಲ್ (ಸೂಜಿ ಇಲ್ಲದ್ದು): ತಗೋಬಹುದು, ಗೆರೆ ನೋಡ್ಕೊಂಡು ತಗೊಳ್ಳಿ
ರೇಟಿಂಗ್: 4/5

ಮಗಳಿಗೆ ಫಿಟ್ಸ್ ಇದೆ, ಬೆಳಗ್ಗೆ ರಾತ್ರಿ ಎರಡೆರಡು ಸಿರಪ್. ಜ್ವರದ ಔಷಧಿ ಆದ್ರೆ ಮೂರು ದಿನಕ್ಕೆ ಮುಗೀತು, ಇದು ವರ್ಷಗಟ್ಟಲೆ ನಡೆಯೋದು, ದಿನಾ ಸ್ವಲ್ಪ ಕಮ್ಮಿ ಹೋಗ್ತಾ ಇದ್ರೆ ಫಿಟ್ಸ್ ಬರಬಹುದು, ಜಾಸ್ತಿ ಹೋದ್ರೆ ಮಗು ತೂಕಡಿಸ್ಕೊಂಡೇ ಕೂತಿರುತ್ತೆ. ಅದಕ್ಕೇ ಇದನ್ನ ತರಿಸಿದ್ದು.

ಬಾಟಲಿ ಮೇಲೆ ಬರೋ ಮುಚ್ಚಳದಲ್ಲಿ 2.5, 5, 10 ಅಂತ ಗೆರೆ ಇರುತ್ತೆ, ಡಾಕ್ಟರ್ ತೂಕ ನೋಡಿ 1.8 ಎಂಎಲ್ ಅಂತ ಬರೆದ್ರೆ ಅದ್ರಲ್ಲಿ ಎಲ್ಲಿ ಹುಡುಕ್ತೀರಾ? ತಳದಲ್ಲಿ ಅಂಟ್ಕೊಂಡು ಉಳಿಯೋದು ಬೇರೆ. ಚಮಚ ಅಂತೂ ಒಂದೊಂದು ಮನೇಲಿ ಒಂದೊಂದು ಸೈಜು. ನಮ್ಮತ್ತೆ ಪಾಪ ಅಟ್ಟದಿಂದ ಬೆಳ್ಳಿ ಒಳಲೆ ತೆಗೆಸಿ ತೊಳೆದಿಟ್ಟಿದ್ರು, ಕುಡಿಸೋಕೆ ಅದರಷ್ಟು ಅನುಕೂಲದ್ದು ಇನ್ನೊಂದಿಲ್ಲ ಒಪ್ತೀನಿ, ಆದ್ರೆ ಅದಕ್ಕೆ ಅಳತೆನೇ ಇಲ್ವಲ್ಲ. ಈ ಸಿರಿಂಜ್‌ನಲ್ಲಿ 0.2 ಎಂಎಲ್‌ಗೊಂದು ಗೆರೆ ಇದೆ, 1.8 ಸರಿಯಾಗಿ ಗೆರೆ ಮೇಲೇ ಬರುತ್ತೆ. ಗುಳ್ಳೆ ಬಂದ್ರೆ ತುದಿ ಮೇಲೆ ಮಾಡಿ ಬೆರಳಲ್ಲಿ ತಟ್ಟಿ ಗಾಳಿ ಹೊರಗೆ ತಳ್ಳಿ ಆಮೇಲೆ ಅಳತೆ ನೋಡ್ಬೇಕು.

ಮೆಡಿಕಲ್ ಶಾಪ್‌ನಲ್ಲಿ ಸಿಗೋ ಇಂಜೆಕ್ಷನ್ ಸಿರಿಂಜ್‌ನ ಸೂಜಿ ಕಿತ್ತು ಕೊಟ್ರೆ ಆಗಲ್ವಾ ಅಂತ ತುಂಬಾ ಜನ ಕೇಳ್ತಾರೆ. ಓರಲ್ ಸಿರಿಂಜ್ ತುದಿಗೆ ಸೂಜಿ ಕೂರೋದೇ ಇಲ್ಲ, ಬಾಯಿಗೆ ಹಾಕೋ ಔಷಧಿ ತಪ್ಪಿ ಇಂಜೆಕ್ಷನ್ ಆಗೋ ಭಯ ಇಲ್ಲ, ಅದಕ್ಕೇ ಅದನ್ನ ಬೇರೆ ಮಾಡಿರೋದು. ಯಾವುದೇ ತಗೊಂಡ್ರೂ ತುದಿಗೆ ಪುಟ್ಟ ಕ್ಯಾಪ್ ಇದ್ರೆ ಮೊದ್ಲು ತೆಗೆದು ಡಸ್ಟ್‌ಬಿನ್‌ಗೆ ಹಾಕಿ, ಅದು ಮಗು ಗಂಟಲಿಗೆ ಹೋಗಿ ಸಿಕ್ಕಾಕೊಳ್ಳಬಹುದು.

ನಾನು ಫಿಟ್ಸ್‌ನ ಎರಡು ಔಷಧಿಗೆ (ಲೆವೆಟಿರಸಿಟಮ್, ವಾಲ್‌ಪ್ರೊಏಟ್) ಎರಡು ಸಿರಿಂಜ್ ಇಟ್ಟಿದೀನಿ, ಕೆಂಪು ಟೇಪ್ ಒಂದಕ್ಕೆ ನೀಲಿ ಇನ್ನೊಂದಕ್ಕೆ, ಬಾಟಲಿಗೂ ಅದೇ ಬಣ್ಣ. ಯಾಕಂದ್ರೆ ಲೆವೆಟಿರಸಿಟಮ್ ಸಿರಪ್ ನಮಗೆ ಸಿಗೋದು 1 ಎಂಎಲ್‌ಗೆ 100 ಎಂಜಿ, ವಾಲ್‌ಪ್ರೊಏಟ್ 5 ಎಂಎಲ್‌ಗೆ 200, ಅಂದ್ರೆ 1 ಎಂಎಲ್‌ಗೆ ಬರೀ 40. ಒಂದೇ 2 ಎಂಎಲ್, ಒಂದ್ರಲ್ಲಿ 200 ಎಂಜಿ ಇನ್ನೊಂದ್ರಲ್ಲಿ 80. ಸಿರಿಂಜ್‌ಗೆ ಇದೆಲ್ಲ ಗೊತ್ತಾಗಲ್ಲ, ನಾವೇ ನೋಡ್ಬೇಕು. ಮೆಡಿಕಲ್‌ನವ್ರು "ಅದಿಲ್ಲ ಮೇಡಂ, ಇದೂ ಅದೇ" ಅಂತ ಬೇರೆ ಕಂಪನಿದು ಕೊಟ್ರೆ ಅಲ್ಲೇ ನಿಂತು ಲೇಬಲ್ ಓದಿ. ಚೀಟಿ ಮೇಲೂ ಎಂಜಿ, ಎಂಎಲ್ ಎರಡೂ ಬರೆಸ್ಕೊಳ್ಳಿ.

ಕೊಡೋವಾಗ ಮಗೂನ ಕೂರಿಸ್ಕೊಂಡು, ತುದಿ ಕೆನ್ನೆ ಒಳಗೆ ಪಕ್ಕಕ್ಕಿಟ್ಟು ಸ್ವಲ್ಪ ಸ್ವಲ್ಪ ತಳ್ಳಿ, ಗಂಟಲಿಗೆ ನೇರ ಪಿಚಕಾರಿ ಹೊಡೀಬೇಡಿ, ಕೆಮ್ಮಿ ನೆತ್ತಿಗೇರುತ್ತೆ. ಲೋಟದ ಹಾಲಿಗೆ ಬೆರೆಸಿದ್ರೆ ಅರ್ಧ ಕುಡಿದು ಬಿಟ್ಟಾಗ ಎಷ್ಟು ಹೋಯ್ತು ಅಂತ ದೇವರಿಗೇ ಗೊತ್ತು. ವಾಂತಿ ಆದ್ರೆ ನೀವೇ ಇನ್ನೊಂದು ಡೋಸ್ ಹಾಕ್ಬೇಡಿ, ಡಾಕ್ಟರ್‌ಗೆ ಫೋನ್ ಮಾಡಿ.

ಈಗ ಬೈಗುಳ. ತೊಳೆದು ತೊಳೆದು ಪ್ರಿಂಟ್ ಮಾಸುತ್ತೆ, ಮೊದ್ಲು ಹೋಗೋದು ಮಧ್ಯದ ಸಣ್ಣ ಗೆರೆಗಳು, ನಮಗೆ ಬೇಕಾಗಿರೋದೇ ಅವು. ಮೇಲೆ ಹೊಸದಾಗಿ ಪೆನ್‌ನಲ್ಲಿ ಗೆರೆ ಎಳೆಯೋ ಸಾಹಸ ಬೇಡ, ಮಾಸಿದ್ದನ್ನ ಎಸೀರಿ. ರಬ್ಬರೂ ಬರ್ತಾ ಬರ್ತಾ ಬಿಗಿಯಾಗುತ್ತೆ, ಜೋರಾಗಿ ಒತ್ತಿದ್ರೆ ಒಂದೇ ಸಲ ಚಿಮ್ಮುತ್ತೆ. ಜೊತೆಗೆ ಬರೋ ಬಾಟಲಿ ಬಾಯಿಗೆ ಹಾಕೋ ಅಡಾಪ್ಟರ್ ನಮ್ಮ ಒಂದು ಬಾಟಲಿಗೆ ಕೂತಿತು, ಇನ್ನೊಂದಕ್ಕೆ ಸಡಿಲ.

ಡೋಸ್ 1 ಎಂಎಲ್‌ಗಿಂತ ಕಮ್ಮಿ ಇರೋರು ಇದನ್ನ ತಗೋಬೇಡಿ, 1 ಎಂಎಲ್‌ದೇ ತರಿಸಿ.