ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕು: ನಾಲ್ಕು ವರ್ಷ, 46,000 ಕಿ.ಮೀ. ಆದ ಮೇಲೆ

ಲಾಂಗ್ ರೈಡ್‌ಗೆ ಯಾವ ಗಾಡಿ ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ, ನಿಮ್ಮ ಎತ್ತರ ಎಷ್ಟು ಅಂತ ನಾನು ತಿರುಗಿ ಕೇಳುತ್ತೇನೆ. ಎಂಜಿನ್ನಿನ ಗಾತ್ರ (ಸಿಸಿ), ಶಕ್ತಿ (ಬಿಎಚ್‌ಪಿ) ಎಲ್ಲ ಆಮೇಲೆ.

ನಂದು ಐದಡಿ ಐದಿಂಚು. 2021ರಲ್ಲಿ ಮನಸ್ಸಿದ್ದದ್ದು ಕೆಟಿಎಂ 390 ಅಡ್ವೆಂಚರ್ ಮೇಲೆ. 43 ಪಿಎಸ್ ಶಕ್ತಿ (ಪಿಎಸ್ ಅಂದರೆ ಹೆಚ್ಚುಕಮ್ಮಿ ಬಿಎಚ್‌ಪಿಯೇ), ಆರು ಗೇರ್. ಟೆಸ್ಟ್ ರೈಡಿನಲ್ಲಿ ಕಿವಿ ತನಕ ನಗು. ಆದರೆ ಸೀಟಿನ ಎತ್ತರ 855 ಮಿಲಿಮೀಟರ್. ಸಿಗ್ನಲ್ ಬಂತು, ನಾನು ತುದಿಗಾಲಲ್ಲಿ ನಿಂತೆ. ಖಾಲಿ ಗಾಡಿಯಲ್ಲೇ ಹೀಗೆ. ಇನ್ನು ಹಿಂದೆ ಹೆಂಡತಿ, ಎರಡು ಕಡೆ ಲಗೇಜು, ಕೆಳಗೆ ಮಲೆನಾಡಿನ ಕೆಸರು ಇದ್ದರೆ? ಹಿಮಾಲಯನ್ ಸೀಟು 800. ಎರಡೂ ಪಾದ ನೆಲಕ್ಕೆ ಊರಿದವು. ಅವತ್ತೇ ಬುಕ್ ಮಾಡಿದೆ.

ಶಕ್ತಿ ಕಮ್ಮಿ ಅಂತ ಗೆಳೆಯರು ಆಡಿಕೊಂಡರು. ನಿಜ, 24.3 ಬಿಎಚ್‌ಪಿ ಅಷ್ಟೇ, ಗೇರೂ ಐದೇ. ಆದರೆ ಇದು ಲಾಂಗ್ ಸ್ಟ್ರೋಕ್ ಎಂಜಿನ್. ಪಿಸ್ಟನ್ ಅಗಲ 78 ಮಿ.ಮೀ., ಅದು ಮೇಲೆ ಕೆಳಗೆ ಓಡುವ ದೂರ 86 ಮಿ.ಮೀ. ಹಾಗಾಗಿ ಎಳೆಯುವ ಬಲವೆಲ್ಲ ಕಡಿಮೆ ಆರ್‌ಪಿಎಂನಲ್ಲೇ, ಅಂದರೆ ಎಂಜಿನ್ ನಿಧಾನಕ್ಕೆ ತಿರುಗುವಾಗಲೇ ಸಿಗುತ್ತದೆ. ಇದರ ಬೆಲೆ ಗೊತ್ತಾಗಬೇಕಾದರೆ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಬೇಕು. ಹದಿನಾಲ್ಕು ಹೇರ್‌ಪಿನ್ ತಿರುವು, ಎದುರಿಗೆ ಮಿನಿ ಬಸ್ಸು, ಮೇಲಿಂದ ಮಳೆ. ಎರಡನೇ ಗೇರಿನಲ್ಲಿ ಸುಮ್ನೆ ಹತ್ತುತ್ತಾ ಹೋಗುತ್ತದೆ. ಪದೇ ಪದೇ ಗೇರು ಇಳಿಸುವ ಗೋಜಿಲ್ಲ.

ಸ್ಪೀಡ್? 80ರಿಂದ 90ರೊಳಗೆ ಗಾಡಿಯೂ ಆರಾಮ, ನಾನೂ ಆರಾಮ. ನೂರರ ಮೇಲೆ ಇಡೀ ದಿನ ಓಡಬೇಕು ಅನ್ನುವವರು ಬೇರೆ ಗಾಡಿ ನೋಡಿ. ನಾನು ಹೆಚ್ಚು ಓಡಾಡುವುದು ತಿಪಟೂರು, ಅರಸೀಕೆರೆ ಮೇಲೆ ಶಿವಮೊಗ್ಗಕ್ಕೆ. ಇನ್ನು ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕುಗಳನ್ನು ಬಿಡುವುದೇ ಇಲ್ಲ. ಸರ್ವೀಸ್ ರೋಡಿನ ಹಂಪಿನ ಮೇಲೆ 40 ಬಿಎಚ್‌ಪಿ ಇಟ್ಕೊಂಡು ಏನು ಮಾಡೋದು?

ಹೆದ್ದಾರಿಯಲ್ಲಿ ಲೀಟರಿಗೆ 30ರ ಆಸುಪಾಸು ಕೊಡುತ್ತಿದೆ. ಟ್ಯಾಂಕ್ 15 ಲೀಟರ್. ಬೆಂಗಳೂರಿನಲ್ಲಿ ತುಂಬಿಸಿದರೆ ಶಿವಮೊಗ್ಗ ದಾಟುವವರೆಗೂ ಬಂಕಿನ ಯೋಚನೆ ಇಲ್ಲ.

ಈಗ ಪಂಕ್ಚರ್ ವಿಷಯ. ಇದು ಸ್ಪೋಕ್ ಚಕ್ರ, ಒಳಗೆ ಟ್ಯೂಬು. ಟ್ಯೂಬ್‌ಲೆಸ್‌ನ ಹಾಗೆ ಮೊಳೆ ಕಿತ್ತು, ಪ್ಲಗ್ ಹಾಕಿ ಹೊರಡೋಕೆ ಆಗಲ್ಲ. ಸಿರಾ ದಾಟಿದ ಮೇಲೆ ಒಂದು ಭಾನುವಾರ ಮುಂದಿನ ಚಕ್ರಕ್ಕೆ ಮೊಳೆ ಹೊಕ್ಕಿತು. ಪಂಕ್ಚರ್ ಅಂಗಡಿಯ ಹುಡುಗ ಟ್ಯೂಬ್ ಹೊರಗೆಳೆದು ನೋಡಿ, "ಅಣ್ಣಾ, ಇದು ಹರ್ದೇ ಹೋಗೈತೆ. ಇಪ್ಪತ್ತೊಂದು ಇಂಚಿನ ಸೈಜು ನಮ್ಮತ್ರ ಎಲ್ಲಿಂದ ಬರ್ಬೇಕು?" ಅಂದ. ಹಳೆ ಬುಲೆಟ್ಟಿನದು ಆಗಲ್ವಾ ಅಂತ ಕೇಳಿದೆ. ನಕ್ಕ. ಕೊನೆಗೆ ಬಸ್ಸಿನಲ್ಲಿ ತುಮಕೂರಿಗೆ ಹೋಗಿ ಟ್ಯೂಬ್ ತಂದೆ. ನಾಲ್ಕು ಗಂಟೆ ಹಾಳು. ಅವತ್ತಿನಿಂದ ಮುಂದಿನ ಚಕ್ರಕ್ಕೊಂದು, ಹಿಂದಿನದಕ್ಕೊಂದು ಟ್ಯೂಬು, ಟೈರ್ ಬಿಚ್ಚುವ ಎರಡು ಲಿವರು, ಸಣ್ಣ ಪಂಪು ಸದಾ ಜೊತೆಗಿರುತ್ತವೆ. ಗಾಡಿಗೆ ಸೆಂಟರ್ ಸ್ಟ್ಯಾಂಡ್ ಇರುವುದರಿಂದ ಹಿಂದಿನ ಚಕ್ರ ಬಿಚ್ಚುವುದು ಕಷ್ಟವಲ್ಲ. ಆದರೆ ಮನೆಯಲ್ಲಿ ಒಂದು ಸಲ ಬಿಚ್ಚಿ ಅಭ್ಯಾಸ ಮಾಡಿರಬೇಕು.

ತೂಕ 199 ಕೆಜಿ. ಓಡುವಾಗ ಗೊತ್ತೇ ಆಗಲ್ಲ, ಬಿದ್ದಾಗ ಗೊತ್ತಾಗುತ್ತದೆ. ಕಳಸದ ಹತ್ತಿರ ಕಾಫಿ ತೋಟದ ಮಣ್ಣು ದಾರಿಯಲ್ಲಿ ಯೂ ಟರ್ನ್ ಮಾಡಲು ಹೋಗಿ ನಿಂತಲ್ಲೇ ಮಗುಚಿಕೊಂಡೆ. ತಪ್ಪು ನನ್ನದೇ, ಪಕ್ಕದ ಲಗೇಜು ಡಬ್ಬಿಗಳಿಗೆ ಅಷ್ಟೊಂದು ತುಂಬಬಾರದಿತ್ತು. ಹ್ಯಾಂಡಲ್ ಹಿಡಿದು ಎತ್ತಲು ಹೋಗಿ ಸೊಂಟ ಹಿಡಿಯಿತು. ಎತ್ತುವ ಕ್ರಮ ಆಮೇಲೆ ಕಲಿತೆ. ಮೊದಲು ಲಗೇಜು ಬಿಚ್ಚಿ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಕಾಲಿನ ಬಲದಲ್ಲಿ ಹಿಂದಕ್ಕೆ ನೂಕುತ್ತಾ ಎದ್ದೇಳಿ. ಗಾಡಿ ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡ್ ತೆಗೆದಿಡಿ. ಇಲ್ಲದಿದ್ದರೆ ಎತ್ತಿದ ಗಾಡಿ ಆಚೆ ಕಡೆ ಬೀಳುತ್ತದೆ.

ಹಿಂದಿನ ಸೀಟಿನ ಬಗ್ಗೆ ನಾನು ಹೇಳುವುದಕ್ಕಿಂತ ಅಲ್ಲಿ ಕೂತವಳ ಮಾತು ಕೇಳಿ: "ಸೀಟು ಪರವಾಗಿಲ್ಲ ಕಣ್ರೀ, ನಿಮ್ಮ ಡಬ್ಬಿನೇ ಕಾಲಿಗೆ ಹೊಡಿಯತ್ತೆ." ಡಬ್ಬಿ ತೆಗೆದು ಬಟ್ಟೆಯ ಬ್ಯಾಗು ಹಾಕಿದ್ದೇನೆ.

ಸರ್ವೀಸಿನಲ್ಲಿ ಒಂದು ಎಚ್ಚರಿಕೆ. ಒಂದು ಸರ್ವೀಸ್ ಸೆಂಟರಿನಲ್ಲಿ ಚೈನನ್ನು ತಂತಿಯ ಹಾಗೆ ಬಿಗಿದು ಕಳಿಸಿದ್ದರು. ಇಬ್ಬರು ಕೂತಾಗ ಹಿಂಬದಿ ತಗ್ಗಿ ಚೈನ್ ಇನ್ನೂ ಬಿಗಿಯಾಗುತ್ತದೆ, ಸ್ಪ್ರಾಕೆಟ್ಟೂ (ಚೈನ್ ಕೂರುವ ಹಲ್ಲುಚಕ್ರ) ಬೇರಿಂಗೂ ಬೇಗ ಸವೆಯುತ್ತವೆ. ಭಾರ ಹೇರಿದ ಮೇಲೂ ಚೈನ್ ಸ್ವಲ್ಪ ಆಡಬೇಕು. ಐನೂರು ಕಿಲೋಮೀಟರಿಗೊಮ್ಮೆ ಚೈನ್ ಲ್ಯೂಬ್ ನಾನೇ ಹಾಕಿಕೊಳ್ಳುತ್ತೇನೆ.

411 ಹೊಸದು ಈಗ ಸಿಗುವುದಿಲ್ಲ. 2023ರ ನವೆಂಬರಿನಲ್ಲಿ ಬಂದ ಹಿಮಾಲಯನ್ 450ಗೆ 40 ಪಿಎಸ್ ಇದೆ, ಆರು ಗೇರಿದೆ, 17 ಲೀಟರ್ ಟ್ಯಾಂಕಿದೆ. ಸೀಟು ಮಾತ್ರ 825ಕ್ಕೇರಿದೆ, ಕೂತು ನೋಡಿಯೇ ತೀರ್ಮಾನಿಸಿ. ಸೆಕೆಂಡ್ ಹ್ಯಾಂಡ್ 411 ನೋಡಲು ಹೋದರೆ ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಒತ್ತಿ ಮುಂದಿನ ಚಕ್ರ ಮೇಲೆತ್ತಿಸಿ, ಹ್ಯಾಂಡಲನ್ನು ನಿಧಾನಕ್ಕೆ ಆಚೆ ಈಚೆ ತಿರುಗಿಸಿ. ನಟ್ಟನಡುವೆ ಟಕ್ ಅಂತ ಕೂತರೆ ಕೋನ್ ಸೆಟ್ (ಹ್ಯಾಂಡಲ್ ತಿರುಗಿಸುವ ಬೇರಿಂಗು) ಸವೆದಿದೆ. ಅದರ ದುಡ್ಡು ಮುರಿದುಕೊಂಡೇ ರೇಟು ಮಾತಾಡಿ.