ಇಂಜಿನ್ ಫಳಫಳ ಹೊಳೆಯುತ್ತಿದ್ದರೆ ಟೋಕನ್ ಕೊಡಬೇಡಿ

ಪುಣೆಯಲ್ಲಿ ಹಳೆ ಕಾರು ಹುಡುಕುತ್ತಿರುವ ನಮ್ಮವರು ಇದನ್ನು ಪೂರ್ತಿ ಓದಿ. ಆಮೇಲೆ ಬೇಕಾದರೆ ಟೋಕನ್, ಅಂದರೆ ಮುಂಗಡ ದುಡ್ಡು ಕೊಡಿ.

ಬಾನೆಟ್ ಎತ್ತಿದಾಗ ಹತ್ತು ವರ್ಷದ ಡೀಸೆಲ್ ಇಂಜಿನ್ ಮೇಲೆ ಚೂರೂ ಧೂಳಿಲ್ಲ, ಪೈಪುಗಳೆಲ್ಲ ಕಪ್ಪಗೆ ಮಿಂಚುತ್ತಿವೆ ಅಂದರೆ ಖುಷಿಪಡಬೇಡಿ. ಈ ಊರಿನಲ್ಲಿ ಓಡಾಡಿದ ಗಾಡಿ ಹಾಗಿರುವುದಿಲ್ಲ. ಡೀಸೆಲ್ ಹೊಡೆದು, ಪ್ರೆಷರ್ ನೀರಿನಲ್ಲಿ ತೊಳೆದು, ಮೇಲೆ ಪಾಲಿಶ್ ಸ್ಪ್ರೇ ಮಾಡಿರುತ್ತಾರೆ. ಯಾಕೆ? ಆಯಿಲ್ ಎಲ್ಲಿಂದ ಸೋರುತ್ತಿದೆ ಅಂತ ಕಾಣಬಾರದು, ಅದಕ್ಕೇ.

ನನಗೆ ಮಾರಿದವನು ಹಡಪ್ಸರ್ ಕಡೆಯ ಒಬ್ಬ ಡೀಲರ್. ಎಂಎಚ್ 12 ಪಾಸಿಂಗ್ (ಪುಣೆ ನೋಂದಣಿ), ಫಸ್ಟ್ ಓನರ್, ಇನ್ಶೂರೆನ್ಸ್, ಪಿಯುಸಿ ಎಲ್ಲ ಸರಿ. ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಎಳೆದು ನೋಡಿದೆ. ಆಯಿಲ್ ಜೇನುತುಪ್ಪದ ಬಣ್ಣ. "ನಾವೇ ಸರ್ವಿಸ್ ಮಾಡಿಸಿದ್ದೇವೆ ಸಾಹೇಬ್" ಅಂದ. ಡೀಸೆಲ್ ಇಂಜಿನ್‌ಗೆ ಹಾಕಿದ ಹೊಸ ಆಯಿಲ್ ಕೆಲವು ನೂರು ಕಿಲೋಮೀಟರ್ ಓಡುವಷ್ಟರಲ್ಲಿ ಕಪ್ಪಾಗುತ್ತದೆ. ಅಂದರೆ ಇದು ನಾನು ಬರುವ ಸ್ವಲ್ಪ ಮುಂಚೆ ಸುರಿದದ್ದು! ನಮ್ಮ ಮೆಕ್ಯಾನಿಕ್ ಹತ್ತಿರ ಒಯ್ದು ರ‍್ಯಾಂಪ್ ಹತ್ತಿಸೋಣ, ಗಾಡಿಯ ಅಡಿಭಾಗ ನೋಡೋಣ ಅಂದೆ. "ಗಾಡಿ ಹೊರಗೆ ಕೊಡಲ್ಲ. ಟೋಕನ್ ಹಾಕಿ, ಆಮೇಲೆ ಎಲ್ಲಿ ಬೇಕಾದರೂ ತೋರಿಸಿ. ನಾಳೆ ಸಾತಾರಾದ ಪಾರ್ಟಿ ಬರ್ತಾ ಇದೆ." ಸಾತಾರಾದ ಪಾರ್ಟಿಯಂತೆ. ನಂಬಿ ಗಾಡಿ ತಗೊಂಡೆ.

ಮನೆಗೆ ತಂದ ಮೇಲೆ ಸೊಸೈಟಿ ಪಾರ್ಕಿಂಗ್‌ನಲ್ಲಿ ಕಪ್ಪು ಚುಕ್ಕೆ ಶುರುವಾಯಿತು. ಪಕ್ಕದ ಫ್ಲ್ಯಾಟಿನ ಕಾಕಾ ಅವರ ಹಳೆ ಬೈಕಿನದ್ದು ಅಂದುಕೊಂಡು ಅವರಿಗೆ ಹೇಳಿಯೂ ಬಂದೆ. ಪಾಪ, ಬೈಕ್ ಬೇರೆ ಕಡೆ ನಿಲ್ಲಿಸಿದರು. ಚುಕ್ಕೆ ಮಾತ್ರ ಅಲ್ಲೇ ದೊಡ್ಡದಾಗುತ್ತಾ ಹೋಯಿತು. ಈಗಲೂ ಕಾಕಾ ಲಿಫ್ಟ್‌ನಲ್ಲಿ ಸಿಕ್ಕರೆ ನಾನು ಸುಮ್ನೆ ಮೊಬೈಲ್ ನೋಡುತ್ತಾ ನಿಲ್ಲುತ್ತೇನೆ.

ಆಮೇಲೆ ಊರಿಗೆ ಹೊರಟೆವು. ಹಿಂದೆ ಅತ್ತೆ, ಮಾವ. ಖಂಬಾಟ್ಕಿ ಘಾಟ್ ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕಿರುಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಸುಟ್ಟ ವಾಸನೆ ಬೇರೆ. ಮಾವ ಒಂದು ಮಾತೂ ಆಡಲಿಲ್ಲ, ಕಿಟಕಿ ಇಳಿಸಿದರು. ಬೈದಿದ್ದರೇ ಚೆನ್ನಾಗಿತ್ತು.

ಕಾತ್ರಜ್‌ನಲ್ಲಿ ನಮ್ಮ ವಿಜಯಪುರ ಕಡೆಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಇಂಜಿನ್ ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿದವರೇ "ಸರ, ಇಲ್ಲಿ ಬರ್ರಿ, ಇದನ್ನ ನೋಡ್ರಿ" ಅಂತ ಕರೆದರು. ಮಡಚಿದ ಬನಿಯನ್ ಬಟ್ಟೆ! ಆಯಿಲ್ ಕುಡಿದು ಕುಡಿದು ಭಾರವಾಗಿತ್ತು. ಇಂಜಿನ್, ಗೇರ್‌ಬಾಕ್ಸ್ ಸೇರುವ ಜಾಗದ ಸರಿಯಾಗಿ ಕೆಳಗೆ, ಕೇಬಲ್ ಟೈ ಹಾಕಿ ಕಟ್ಟಿದ್ದರು. ಮರೆತು ಬಿಟ್ಟದ್ದಲ್ಲ. ಕೂತು, ಅಳತೆ ನೋಡಿ, ಕಟ್ಟಿದ್ದು. ನಾನು ಗಾಡಿ ನೋಡಲು ಹೋದಾಗ ನೆಲದ ಮೇಲೆ ಒಂದು ಹನಿಯೂ ಬೀಳದಿದ್ದದ್ದು ಇದಕ್ಕೆ. ಬಿಸಿ ಇಂಜಿನ್ ಪಕ್ಕ ಆಯಿಲ್‌ನಲ್ಲಿ ನೆನೆದ ಬಟ್ಟೆ! ಬೆಂಕಿ ಹೊತ್ತಿದ್ದರೆ? ಗಾಡಿಯಲ್ಲಿ ವಯಸ್ಸಾದವರಿದ್ದರು.

ಹೋಗಿದ್ದು ಕ್ರ್ಯಾಂಕಿನ ಹಿಂದಿನ ಸೀಲ್, ಇಂಜಿನ್ ಆಯಿಲ್ ಗೇರ್‌ಬಾಕ್ಸ್ ಕಡೆ ಬರದಂತೆ ತಡೆಯುವ ರಬ್ಬರ್ ಬಳೆ. ಸೀಲ್ ಬೆಲೆ ದೊಡ್ಡದಲ್ಲ. ಆದರೆ ಅದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು. ಆಯಿಲ್ ಕ್ಲಚ್ ಪ್ಲೇಟಿಗೂ ತಾಗಿತ್ತು, ಅದಕ್ಕೇ ಘಾಟ್‌ನಲ್ಲಿ ಕ್ಲಚ್ ಜಾರಿದ್ದು. ಲೇಬರ್, ಕ್ಲಚ್ ಸೆಟ್, ಎಲ್ಲ ನನ್ನ ತಲೆಗೆ. ಚೇಂಬರ್ (ಇಂಜಿನ್ ಅಡಿಯ ಆಯಿಲ್ ತಟ್ಟೆ) ಸುತ್ತ ಕೂಡ ಹಳೆ ಪ್ಯಾಕಿಂಗ್ ತೆಗೆಯದೆ ಗಮ್ ಬಳಿದಿದ್ದರು.

ಡೀಲರ್‌ಗೆ ಫೋನ್ ಮಾಡಿದೆ. "ಜುನೀ ಗಾಡಿ ಆಹೇ ಸಾಹೇಬ್, ಥೋಡಾ ಘಾಮ್ ಯೇತೋಚ್." ಹಳೆ ಗಾಡಿ, ಸ್ವಲ್ಪ ಬೆವರು ಬಂದೇ ಬರುತ್ತದಂತೆ. ಬೆವರು! ಬಟ್ಟೆಯ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದೆ. ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಮತ್ತೆ ಫೋನ್ ಮಾಡಿದರೆ "ಮೊದಲಿನ ಓನರ್ ಕಟ್ಟಿರಬೇಕು" ಅಂದ. ನಾವೇ ಸರ್ವಿಸ್ ಮಾಡಿಸಿದ್ದೇವೆ ಅಂದವನು ಇವನೇ ಅಲ್ವಾ? ಜೋರು ಮಾಡಿದಾಗ ಹೊಸ ರಾಗ. "ಇದ್ದ ಸ್ಥಿತಿಯಲ್ಲಿ ಒಪ್ಪಿದ್ದೇನೆ ಅಂತ ಡೆಲಿವರಿ ನೋಟ್‌ಗೆ ಸಹಿ ಹಾಕಿದ್ದೀರಲ್ಲ, ಓದಿಲ್ವಾ? ಬೇಡವಾದರೆ ವಾಪಸ್ ತನ್ನಿ, ಅರವತ್ತು ಸಾವಿರ ಕಮ್ಮಿ ಮಾಡಿ ತಗೊಳ್ತೀನಿ." ನನ್ನದೇ ಗಾಡಿ, ನನಗೇ ಅರವತ್ತು ಸಾವಿರ ನಷ್ಟ. ಅದೇ ಬಟ್ಟೆ ಕಟ್ಟಿ ಇನ್ನೊಬ್ಬನಿಗೆ ಮಾರಲು, ಅಲ್ವಾ?

ಟೋಕನ್‌ಗೆ ಮುಂಚೆ ರ‍್ಯಾಂಪ್. ಒಪ್ಪದಿದ್ದರೆ ಎದ್ದು ಬನ್ನಿ, ಸಾತಾರಾದ ಪಾರ್ಟಿಯೇ ತಗೊಳ್ಳಲಿ. ಕೆಳಗಿನ ಕವರ್ ಬಿಚ್ಚಿಸಲೇಬೇಕು. ಅರ್ಧ ಗಂಟೆಯಾದರೂ ಓಡಿಸಿ, ಆಯಿಲ್ ಬಿಸಿಯಾಗಿ ತೆಳ್ಳಗಾದಾಗಲೇ ಜಾಸ್ತಿ ಸೋರುವುದು. ಆಮೇಲೆ ಕೆಳಗೆ ರಟ್ಟು ಹಾಸಿ ಸ್ವಲ್ಪ ಹೊತ್ತು ಬಿಡಿ. ಎಸಿ ನೀರಾದರೆ ಒಣಗಿ ಹೋಗುತ್ತದೆ. ಕೂಲಂಟ್ ಸಾಮಾನ್ಯವಾಗಿ ಹಸಿರು, ಇಲ್ಲವೇ ಗುಲಾಬಿ. ಇಂಜಿನ್ ಆಯಿಲ್ ಕಂದು ಅಥವಾ ಕಪ್ಪು, ಬೆರಳಿಗೆ ಜಿಡ್ಡು. ಇಂಜಿನ್ ತಲೆ ಮೇಲಿನ ಟ್ಯಾಪೆಟ್ ಕವರ್ ಪ್ಯಾಕಿಂಗ್‌ನಿಂದ ಒಸರುತ್ತಿದ್ದರೆ ಬೆಲೆ ಇಳಿಸಿ ತಗೊಳ್ಳಬಹುದು. ಗೇರ್‌ಬಾಕ್ಸ್ ಸೇರುವಲ್ಲಿ ಹನಿ ಕಂಡರೆ ಬೇಡವೇ ಬೇಡ. ಮಳೆಗಾಲದಲ್ಲಂತೂ ಗಾಡಿ ನೋಡಲು ಹೋಗಬೇಡಿ, ಕೆಳಗೆಲ್ಲ ನೀರೇ ಇರುತ್ತದೆ, ಏನೂ ತಿಳಿಯುವುದಿಲ್ಲ.

ಇನ್ನೊಂದು. ಹಳೆ ಗಾಡಿ ಮಾರುವ ಡೀಲರ್ ಆರ್‌ಟಿಒದಿಂದ ಅಧಿಕಾರ ಪತ್ರ ಪಡೆದಿರಬೇಕು ಅಂತ 2023ರ ಏಪ್ರಿಲ್ 1ರಿಂದ ನಿಯಮ ಇದೆ. ಕೇಳಿ ನೋಡಿ. ನಾನು ಈಗ ಕೇಳಿದ್ದಕ್ಕೆ "ನೀವು ಗಾಡಿ ಕೊಂಡ್ರೋ ಅಂಗಡಿ ಕೊಂಡ್ರೋ" ಅಂತ ನಕ್ಕ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ. 5 ಲಕ್ಷದ ಒಳಗಿನ ವ್ಯವಹಾರಕ್ಕೆ ಅಲ್ಲಿ ಫೀಸ್ ಇಲ್ಲ, 2 ವರ್ಷದೊಳಗೆ ಹಾಕಬೇಕು. ಬಟ್ಟೆ, ಕೇಬಲ್ ಟೈ, ಮೆಕ್ಯಾನಿಕ್ ಬರೆದುಕೊಟ್ಟ ಚೀಟಿ, ಎಲ್ಲ ತೆಗೆದಿಟ್ಟಿದ್ದೇನೆ. ಪುಣೆಯಲ್ಲಿ ಇಂಥ ಕೇಸ್ ನಡೆಸಿದ ವಕೀಲರು ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಕನ್ನಡ ಬರುವವರಾದರೆ ಇನ್ನೂ ಒಳ್ಳೆಯದು, ಇವನನ್ನು ಬೈಯುವಷ್ಟು ಮರಾಠಿ ನನಗೆ ಬರುವುದಿಲ್ಲ.