ಪಟ್ಟಿ ಮುದ್ರಣಕ್ಕೆ ಮೂರು ದಾರಿ: ಗುಜರಿಗೆ ಹೋಗಬೇಕಿದ್ದ ಸರ್ವರ್ ಗೆದ್ದ ಬಗೆ

ದುಡ್ಡು ಕೊಟ್ಟು ತಂದ ಪೆಟ್ಟಿಗೆ ಕಪಾಟು ಸೇರಿದೆ. ಗುಜರಿಗೆ ಹಾಕಬೇಕೆಂದಿದ್ದ ಸರ್ವರ್ ದುಡಿಯುತ್ತಿದೆ. ಶಿವಮೊಗ್ಗದ ಅಡಿಕೆ ಮಂಡಿಯೊಂದರ ಲೆಕ್ಕ ನೋಡಿಕೊಳ್ಳುವ ನಾನು ಎಂಟು ತಿಂಗಳಲ್ಲಿ ಗುಮಾಸ್ತರೆಲ್ಲರೂ ಅದೇ ಪ್ರಿಂಟರ್‌ಗಳನ್ನು ಹಂಚಿಕೊಂಡು ಬಳಸಲು ಮೂರು ವಿಧಾನಗಳನ್ನು ಪ್ರಯೋಗಿಸಿದೆ. ಹಳೆಯ ಸರ್ವರ್‌ಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿ, ಮುದ್ರಣದ ಸರತಿ ನೋಡಿಕೊಳ್ಳುವ ಕಪ್ಸ್ ಎಂಬ ತಂತ್ರಾಂಶ ಓಡಿಸುವುದೇ ನನಗೆ ಒಗ್ಗಿತು. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಗೋಳು ಹೊಯ್ದುಕೊಂಡದ್ದೂ ಅದೇ.

ನಮ್ಮದು ದೊಡ್ಡ ಕಚೇರಿಯಲ್ಲ. ನಾಲ್ವರು ಗುಮಾಸ್ತರು, ಪತ್ರಗಳಿಗೊಂದು ಲೇಸರ್ ಪ್ರಿಂಟರ್, ರೈತರಿಗೆ ಕೊಡುವ ಲೆಕ್ಕದ ಚೀಟಿಗೆ, ಅಂದರೆ ಪಟ್ಟಿಗೆ, ಒಂದು ಡಾಟ್ ಮ್ಯಾಟ್ರಿಕ್ಸ್. ಪಟ್ಟಿಗೆ ಮೂರು ಪ್ರತಿ ಬೇಕು, ಆದ್ದರಿಂದ ಪಿನ್ನು ಬಡಿಯುವ ಯಂತ್ರವೇ ಆಗಬೇಕು. ಪ್ರತಿ ಹಾಳೆಯ ಮೇಲೂ ಕ್ರಮಸಂಖ್ಯೆ ಮೊದಲೇ ಅಚ್ಚಾಗಿರುತ್ತದೆ. ಮುಂದಿನ ಕಥೆಯೆಲ್ಲ ಆ ಸಂಖ್ಯೆಯದೇ.

ಮೊದಲಿನದು ವಿಂಡೋಸ್ ಸರ್ವರ್ 2008 ಆರ್2. ಪ್ರಿಂಟರ್ ಅನ್ನು ಷೇರ್ ಮಾಡಿಟ್ಟು ವರ್ಷಗಟ್ಟಲೆ ನಿಶ್ಚಿಂತೆಯಿಂದ ಇದ್ದೆವು. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ವಿಸ್ತೃತ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದ್ದರೂ ನಾವು ತಲೆ ಕೆಡಿಸಿಕೊಂಡಿರಲಿಲ್ಲ. ಗುಮಾಸ್ತರಿಗೆ ಹೊಸ ಕಂಪ್ಯೂಟರ್ ಬಂದಾಗ ತೊಡಕು ಶುರುವಾಯಿತು. 2021ರಲ್ಲಿ ಪ್ರಿಂಟ್‌ನೈಟ್‌ಮೇರ್ ಎಂಬ ಭದ್ರತಾ ಲೋಪ ಬಯಲಾದ ಬಳಿಕ, ಸರ್ವರ್‌ನಿಂದ ಡ್ರೈವರ್ (ಪ್ರಿಂಟರ್ ನಡೆಸುವ ತಂತ್ರಾಂಶ) ಇಳಿಸಿಕೊಳ್ಳಲು ಅಡ್ಮಿನಿಸ್ಟ್ರೇಟರ್ ಅಧಿಕಾರ ಕಡ್ಡಾಯವಾಯಿತು. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಒಂದು ಮೌಲ್ಯವನ್ನು ಸೊನ್ನೆ ಮಾಡಿದರೆ ಕಾಟ ತಪ್ಪುತ್ತದೆ ಎಂದು ಪರಿಚಿತರೊಬ್ಬರು ಹೇಳಿಕೊಟ್ಟರು. ಕಳ್ಳತನದ ಸುದ್ದಿ ಕೇಳಿ ಹಾಕಿಸಿದ ಚಿಲಕವನ್ನು ಓಡಾಟಕ್ಕೆ ಅಡ್ಡಿಯೆಂದು ಕಿತ್ತುಹಾಕುವ ಬುದ್ಧಿ ಅದು. ಬೇಡವೆಂದೆ.

ಎರಡನೆಯದು ಪ್ರಿಂಟ್ ಸರ್ವರ್ ಪೆಟ್ಟಿಗೆ: ಅಂಗೈಯಗಲದ್ದು, ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ ನೆಟ್‌ವರ್ಕ್ ಕೇಬಲ್. ಹತ್ತೇ ನಿಮಿಷದಲ್ಲಿ 9100ನೇ ಪೋರ್ಟ್ (ನೆಟ್‌ವರ್ಕ್‌ನಲ್ಲಿ ಸಂಖ್ಯೆಯಿಂದ ಗುರುತಿಸುವ ಬಾಗಿಲು) ಮೂಲಕ ಪಟ್ಟಿ ಬಂತು. ಕರೆಂಟು ಹೋಗಿ ಬಂದಾಗ ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಐಪಿ ವಿಳಾಸ ಬದಲಾಗುತ್ತಿತ್ತು, ಸ್ಥಿರ ವಿಳಾಸ ಕೊಟ್ಟು ಸರಿಪಡಿಸಿದೆ. ಆದರೆ ಸರತಿಯಲ್ಲಿ ಯಾರ ಪಟ್ಟಿ ನಿಂತಿದೆ ಎಂದು ಒಂದೆಡೆ ಕುಳಿತು ನೋಡುವಂತಿಲ್ಲ. ತಪ್ಪಾಗಿ ಕಳಿಸಿದ್ದನ್ನು ರದ್ದು ಮಾಡಲು ಆಯಾ ಗುಮಾಸ್ತರ ಮೇಜಿಗೇ ಓಡಬೇಕು. ಒಬ್ಬರೇ ಮುದ್ರಿಸುವ ಕಡೆ ಇದಕ್ಕಿಂತ ಸುಲಭದ್ದಿಲ್ಲ.

ಇನ್ನು ಕಪ್ಸ್. ಹಾಕುವುದು ಸುಲಭ. 631ನೇ ಪೋರ್ಟ್‌ನಲ್ಲಿ ಬ್ರೌಸರ್ ತೆರೆದರೆ ಎರಡೂ ಪ್ರಿಂಟರ್‌ಗಳ ಸರತಿ ಕಣ್ಣೆದುರಿಗೇ ಇರುತ್ತದೆ. ವಿಂಡೋಸ್ ಯಂತ್ರಗಳು ಐಪಿಪಿ ಎಂಬ ಮುದ್ರಣ ಶಿಷ್ಟಾಚಾರದ ಮೂಲಕ ಸೇರಿಕೊಂಡವು.

ಮಳೆಗಾಲ ಬಂತು. ಯುಪಿಎಸ್ ಬಲ ಸರ್ವರ್‌ಗೂ ಗುಮಾಸ್ತರ ಕಂಪ್ಯೂಟರ್‌ಗಳಿಗೂ ಸಾಲುತ್ತದೆ, ಪ್ರಿಂಟರ್‌ಗಲ್ಲ. ಒಂದು ಮಧ್ಯಾಹ್ನ ಅರ್ಧ ಪಟ್ಟಿ ಮುದ್ರಣವಾಗಿರುವಾಗ ವಿದ್ಯುತ್ ಹೋಯಿತು. ಬಂದ ಮೇಲೂ ಪ್ರಿಂಟರ್ ಮೌನ. ಕೇಬಲ್ ಕಿತ್ತು ಚುಚ್ಚಿದೆ. ಪ್ರಿಂಟರ್ ಆರಿಸಿ ಹಚ್ಚಿದೆ. ಸರ್ವರ್ ಅನ್ನೇ ರೀಸ್ಟಾರ್ಟ್ ಮಾಡಿದೆ. ಜಗ್ಗಲಿಲ್ಲ. ರಾಶಿ ಅಡಿಕೆ ತೂಗಿಸಿದ್ದ ರೈತರು ಬಸ್ಸಿನ ಹೊತ್ತು ನೋಡುತ್ತ ನಿಂತಿದ್ದರು, ಕೊನೆಗೆ ಕೈಬರಹದ ಪಟ್ಟಿ ಕೊಟ್ಟು ಕಳಿಸಿದೆವು.

ಕಾರಣ ಸಿಕ್ಕಿದ್ದು ರಾತ್ರಿ. ಮುದ್ರಣ ಕೆಟ್ಟರೆ ಏನು ಮಾಡಬೇಕೆಂದು ಕಪ್ಸ್‌ನಲ್ಲಿ ಪ್ರತಿ ಪ್ರಿಂಟರ್‌ಗೂ ಒಂದು ನೀತಿ ಇರುತ್ತದೆ. ನಮ್ಮ ಯಂತ್ರದಲ್ಲಿ ಅದು 'ಸ್ಟಾಪ್-ಪ್ರಿಂಟರ್' ಎಂದಿತ್ತು, ಅಂದರೆ ಒಮ್ಮೆ ಎಡವಿದರೆ ಸರತಿಯನ್ನೇ ನಿಲ್ಲಿಸಿಬಿಡು. ನಿಂತಿದೆ ಎಂಬ ಸಂಗತಿ ಕಡತದಲ್ಲಿ ದಾಖಲಾಗುವುದರಿಂದ ರೀಸ್ಟಾರ್ಟ್ ಮಾಡಿದರೂ ನಿಂತೇ ಇರುತ್ತದೆ. 'ಕಪ್ಸ್‌ಎನೇಬಲ್' ಎಂಬ ಒಂದೇ ಆಜ್ಞೆ ಕೊಟ್ಟೆ. ಮಧ್ಯಾಹ್ನ ಗುಮಾಸ್ತರು ಸಿಟ್ಟಿನಿಂದ ಮತ್ತೆ ಮತ್ತೆ ಒತ್ತಿದ್ದ ಪಟ್ಟಿಗಳೆಲ್ಲ ಖಾಲಿ ಕಚೇರಿಯಲ್ಲಿ ಕರಕರನೆ ಒಂದರ ಹಿಂದೊಂದು ಹೊರಬಂದವು. ಒಬ್ಬರ ಹೆಸರಿನಲ್ಲೇ ಐದು!

ನೀತಿಯನ್ನು 'ರೀಟ್ರೈ-ಜಾಬ್' ಎಂದು ಬದಲಿಸಿದೆ. ಹಾಗಿದ್ದರೆ ಕಪ್ಸ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆಯಂತೆ 5 ಬಾರಿ ಪ್ರಯತ್ನಿಸುತ್ತದೆ. ಲೇಸರ್‌ಗೆ ಇದು ಹೇಳಿ ಮಾಡಿಸಿದಂತಿತ್ತು. ಡಾಟ್ ಮ್ಯಾಟ್ರಿಕ್ಸ್‌ಗೆ ಹೊಸ ಪೀಡೆ. ವಿದ್ಯುತ್ ಬಂದೊಡನೆ ಪಟ್ಟಿ ಮೊದಲಿನಿಂದ ಶುರುವಾಗುತ್ತದೆ, ಕಾಗದ ಮಾತ್ರ ಅರ್ಧಕ್ಕೆ ನಿಂತಿರುತ್ತದೆ. ರೈತರ ಹೆಸರು ಹಾಳೆಯ ನಡುವೆ, ಮೊತ್ತ ಮುಂದಿನ ಕ್ರಮಸಂಖ್ಯೆಯ ಹಾಳೆಯ ಮೇಲೆ. ಒಂದರ ಬದಲು ಎರಡು ಹಾಳೆ ರದ್ದು, ಆಡಿಟರ್‌ಗೆ ಎರಡು ವಿವರಣೆ.

ಕೊನೆಗೆ ಪಟ್ಟಿಯ ಪ್ರಿಂಟರ್‌ಗೆ 'ಅಬಾರ್ಟ್-ಜಾಬ್' ಇಟ್ಟೆ. ಕೆಟ್ಟ ಪಟ್ಟಿ ಸರತಿಯಿಂದ ಬಿದ್ದುಹೋಗುತ್ತದೆ. ಗುಮಾಸ್ತರು ಹಾಳು ಹಾಳೆ ಹರಿದು, ಕಾಗದದ ತಲೆ ಸರಿಮಾಡಿ, ಇನ್ನೊಮ್ಮೆ ಒತ್ತುತ್ತಾರೆ. ಸ್ವಯಂಚಾಲಿತವಲ್ಲ, ನಿಜ. ಕ್ರಮಸಂಖ್ಯೆಯಿರುವ ಕಾಗದದ ವಿಷಯದಲ್ಲಿ ಮನುಷ್ಯನ ಕಣ್ಣು ನಡುವೆ ಇರುವುದೇ ನನಗೆ ಸಮಾಧಾನ.

ಇನ್ನೊಂದು ಅಳುಕು ಉಳಿದಿದೆ. ಡಾಟ್ ಮ್ಯಾಟ್ರಿಕ್ಸ್‌ಗೆ ನಾನು ಬಳಸುತ್ತಿರುವುದು ರಾ ಕ್ಯೂ, ಬಂದದ್ದನ್ನು ಬಂದ ಹಾಗೆಯೇ ಪ್ರಿಂಟರ್‌ಗೆ ದಾಟಿಸುವ ಸರತಿ. ಮುಂದಿನ ಆವೃತ್ತಿಯೊಂದರಲ್ಲಿ ಇದು ನಿಂತುಹೋಗುತ್ತದೆ ಎಂದು ಕಪ್ಸ್ ಎಚ್ಚರಿಸುತ್ತಲೇ ಇದೆ. ಸದ್ಯಕ್ಕೆ ಆವೃತ್ತಿ ಬದಲಿಸುವ ಗೋಜಿಗೆ ಹೋಗಿಲ್ಲ.

ಕಪ್ಸ್‌ಗೆ ಖರ್ಚು ಸೊನ್ನೆ, ಹೋದದ್ದು ನನ್ನ ನಿದ್ದೆ. ಕಪ್ಪು ಪರದೆಯಲ್ಲಿ ಆಜ್ಞೆ ಬರೆಯಲು ಬೇಸರಪಡದವರು ಕಚೇರಿಯಲ್ಲಿ ಒಬ್ಬರಾದರೂ ಇದ್ದರೆ ಕಪ್ಸ್ ಹಾಕಿ. ಇಲ್ಲವಾದರೆ ಪೆಟ್ಟಿಗೆ ಕೊಂಡು ಮೊದಲ ದಿನವೇ ಸ್ಥಿರ ವಿಳಾಸ ಕೊಡಿ. ನನ್ನ ಪೆಟ್ಟಿಗೆಯನ್ನೇ ಮಾರಬಹುದಿತ್ತು, ಆದರೆ ಅದರ ಅಡಾಪ್ಟರ್ ಈಗ ನೆಟ್‌ವರ್ಕ್ ಸ್ವಿಚ್‌ಗೆ ಹೋಗಿದೆ.